ಮುರಿದ ಕಾಲು, ಮಾವನ ಜಾವಾ

ಎಡಗಾಲು ಮುರಿದವನು ಜಾವಾ ಮೋಟಾರು ಸೈಕಲ್ಲನ್ನು ಚಾಲೂ ಮಾಡಲಾರ. ಹೆಚ್ಚಿನ ಬೈಕುಗಳಲ್ಲಿ ಕಿಕ್ಕರ್ ಬಲಗಡೆ ಇರುತ್ತದೆ. ಜಾವಾದಲ್ಲಿ ಅದು ಎಡಗಡೆ. ಗೇರು ಬದಲಿಸುವ ಲಿವರ್ ಯಾವುದೋ ಅದನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಸೀಟಿನ ಮೇಲೆ ಕುಳಿತು ಒದೆಯುವುದಾದರೆ ಎಡಗಾಲಿನಿಂದಲೇ ಒದೆಯಬೇಕು. ಇಳಿದು ಪಕ್ಕದಲ್ಲಿ ನಿಂತು ಬಲಗಾಲಿನಿಂದ ಒದೆಯುತ್ತೇನೆಂದರೆ ಇಡೀ ದೇಹದ ಭಾರ ಎಡಗಾಲಿನ ಮೇಲೆ ಬೀಳುತ್ತದೆ. ಹೇಗೆ ಹೋದರೂ ಲೆಕ್ಕ ಎಡಗಾಲಿಗೇ ಬಂದು ನಿಲ್ಲುತ್ತದೆ.

ಈ ಸಣ್ಣ ಸತ್ಯವನ್ನು ಕಲಿಯಲಿಕ್ಕೆ ನನಗೆ ಒಂದು ಅಪಘಾತ, ಒಂದು ಶಸ್ತ್ರಚಿಕಿತ್ಸೆ ಮತ್ತು ಹತ್ತು ತಿಂಗಳು ಬೇಕಾಯಿತು. ಹಳೆಯ ಬೈಕುಗಳ ಹುಚ್ಚು ಇರುವವರಿಗೂ, ಇಲ್ಲದಿದ್ದರೂ ದಿನಾ ಬೈಕಿನಲ್ಲಿ ಓಡಾಡುವವರಿಗೂ ಇದರಿಂದ ಏನಾದರೂ ಪ್ರಯೋಜನವಾದೀತೆಂದು ಬರೆಯುತ್ತಿದ್ದೇನೆ.

ಮೊದಲ ಮಳೆ

ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತನಾದವನು. ಊರಿನ ಕನ್ನಡಿಗರಿಗೆ ನಾನು ಮಾಷ್ಟ್ರು, ಮಲಯಾಳಿಗಳಿಗೆ ಮಾಷ್. ಪಾಠ ಹೇಳುವುದನ್ನು ಬಿಟ್ಟರೆ ನನಗೆ ಗೊತ್ತಿದ್ದ ಇನ್ನೊಂದು ವಿದ್ಯೆಯೆಂದರೆ ಹಳೆಯ ಮೋಟಾರು ಸೈಕಲ್ಲುಗಳನ್ನು ಬಿಚ್ಚಿ ಜೋಡಿಸುವುದು. ರಜೆಯಲ್ಲಿ ಇತರ ಅಧ್ಯಾಪಕರು ಯಾತ್ರೆಗೆ ಹೋದರೆ ನಾನು ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಸ್ಪ್ಯಾನರು ಹಿಡಿದು ಕೂರುತ್ತಿದ್ದೆ. ಆದರೆ ಕೆಲವು ವರ್ಷಗಳಿಂದ ಅದೂ ನಿಂತುಹೋಗಿತ್ತು. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

2023ರ ಜೂನ್ ತಿಂಗಳಲ್ಲಿ, ಒಂದು ಸಂಜೆ, ಬದಿಯಡ್ಕದಿಂದ ಕುಂಬಳೆಯ ಕಡೆಗೆ ಬರುತ್ತಿದ್ದೆ. ದಿನಬಳಕೆಯ ಹೊಸ ಬೈಕು. ಮಳೆಗಾಲದ ಮೊದಲ ಮಳೆ ಆಗಷ್ಟೇ ಹನಿದು ನಿಂತಿತ್ತು. ಬೇಸಿಗೆಯಿಡೀ ರಸ್ತೆಯ ಮೇಲೆ ಸೋರಿದ ಎಣ್ಣೆ, ಡೀಸೆಲು, ಟಯರು ಸವೆದ ಹುಡಿ, ಧೂಳು ಎಲ್ಲವೂ ಈ ಮೊದಲ ಮಳೆಗೆ ಮೇಲೆದ್ದು ತೆಳ್ಳನೆಯ ಪಾಚಿಯಂತಾಗುತ್ತವೆ. ಜೋರು ಮಳೆ ಹೊಡೆದರೆ ತೊಳೆದುಹೋಗುತ್ತವೆ. ಹನಿ ಮಳೆಗೆ ಅಲ್ಲೇ ಉಳಿಯುತ್ತವೆ. ತರಗತಿಯಲ್ಲಿ ಮಕ್ಕಳಿಗೆ ಹೇಳುವಂತೆ ಇದೆಲ್ಲ ನನಗೆ ಬಾಯಿಪಾಠ. ಆದರೂ ತಿರುವಿನಲ್ಲಿ ಎದುರಿಗೆ ಒಂದು ದನ ಕಂಡಾಗ ಬ್ರೇಕನ್ನು ಜೋರಾಗಿಯೇ ಹಿಡಿದೆ. ಹಿಂದಿನ ಚಕ್ರ ಜಾರಿತು. ಬೈಕು ನನ್ನ ಎಡಗಾಲಿನ ಮೇಲೆ ಮಲಗಿ, ನನ್ನನ್ನೂ ಎಳೆದುಕೊಂಡು ರಸ್ತೆಯ ಅಂಚಿನ ಕಲ್ಲಿಗೆ ಬಡಿಯಿತು. ದನ ಮೆಲುಕು ಹಾಕುತ್ತಾ ನಿಂತಿತ್ತು.

ಹೆಲ್ಮೆಟ್ಟಿತ್ತು, ಅದರ ಪಟ್ಟಿಯನ್ನೂ ಬಿಗಿದಿದ್ದೆ. ಅದರಿಂದ ಇಂದು ಈ ಲೇಖನ ಬರೆಯಲು ತಲೆಯೊಂದು ಉಳಿದಿದೆ. ಆದರೆ ಹಿಂದಿನ ಟಯರು ಬೋಳಾಗಿತ್ತು. ಎರಡು ತಿಂಗಳ ಹಿಂದೆಯೇ ಅದನ್ನು ನೋಡಿದ್ದೆ. "ಮಳೆಗಾಲಕ್ಕೆ ಮೊದಲು ಬದಲಿಸಬೇಕು" ಎಂದು ಹೆಂಡತಿಗೂ ಹೇಳಿದ್ದೆ. ಮಳೆಗಾಲ ನನಗಿಂತ ಮೊದಲು ಬಂತು. ತಪ್ಪು ರಸ್ತೆಯದ್ದೂ ಅಲ್ಲ, ದನದ್ದೂ ಅಲ್ಲ.

ಆಟೋರಿಕ್ಷಾದವರೊಬ್ಬರು ನನ್ನ ಕಾಲಿಗೆ ಎರಡು ಹಲಗೆ ತುಂಡುಗಳನ್ನಿಟ್ಟು ಬೈರಾಸು ಸುತ್ತಿ, ಕುಂಬಳೆಗೆ ಮುಟ್ಟಿಸಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರಿಗೆ. ಮೊಣಕಾಲಿನಿಂದ ಕೆಳಗಿನ ಎರಡೂ ಎಲುಬುಗಳು ಮುರಿದಿದ್ದವು. ದೊಡ್ಡದು ಮೂರು ತುಂಡಾಗಿತ್ತು. ಎಲುಬಿನ ಒಳಗಿನ ಪೊಳ್ಳಿಗೆ ಉದ್ದದ ಲೋಹದ ಸರಳನ್ನು ತೂರಿಸಿ, ಮೇಲೂ ಕೆಳಗೂ ತಿರುಪು ಹಾಕಿ ಬಿಗಿದರು. ಎಕ್ಸ್‌ರೇ ತೋರಿಸಿ ವೈದ್ಯರು ವಿವರಿಸುವಾಗ, ಅಷ್ಟು ನೋವಿನಲ್ಲೂ, "ತಿರುಪು ಯಾವ ಅಳತೆಯದ್ದು?" ಎಂದು ಕೇಳಿದೆನಂತೆ. ನನಗೆ ನೆನಪಿಲ್ಲ, ಹೆಂಡತಿ ಈಗಲೂ ಹೇಳುತ್ತಾಳೆ.

ಕಾಲಿನ ಈ ಎಲುಬು ನಿಧಾನವಾಗಿ ಕೂಡುವಂಥದ್ದು. ಅದರ ಮುಂಭಾಗದಲ್ಲಿ ಮಾಂಸವಿಲ್ಲ, ಚರ್ಮದ ಕೆಳಗೇ ಎಲುಬು. ಹಾಗಾಗಿ ರಕ್ತದ ಪೂರೈಕೆಯೂ ಕಡಿಮೆ. "ಆರು ವಾರ ನೆಲಕ್ಕೆ ಊರಬಾರದು. ಆಮೇಲೆ ಎಕ್ಸ್‌ರೇಯಲ್ಲಿ ಹೊಸ ಎಲುಬು ಬೆಳೆದದ್ದು ಕಂಡಷ್ಟೇ ಭಾರ ಹಾಕಬೇಕು. ಪೂರಾ ಗಟ್ಟಿಯಾಗಲಿಕ್ಕೆ ಆರು ತಿಂಗಳೂ ಆದೀತು, ಹೆಚ್ಚೂ ಆದೀತು" ಎಂದರು ವೈದ್ಯರು. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ತಡವಂತೆ. ಆ ಒಂದು ದುರಭ್ಯಾಸ ನನಗಿರಲಿಲ್ಲ.

ಚಾವಡಿಯ ಮೂಲೆಯ ಪಾಪ

ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಮಂಚವನ್ನು ಚಾವಡಿಗೆ ಹಾಕಿದರು. ಮೆಟ್ಟಲು ಹತ್ತುವುದು ಬೇಡವೆಂದು. ಮಂಚದಿಂದ ನೋಡಿದರೆ ಎದುರು ಮೂಲೆಯಲ್ಲಿ ಹಳೆಯ ಅಡಿಕೆ ಗೋಣಿ ಹೊದ್ದುಕೊಂಡು ನಿಂತಿದ್ದದ್ದು ನನ್ನ ಸೋದರಮಾವನ ಜಾವಾ. ಹಗಲಿಡೀ ಅದು ನನ್ನನ್ನು, ನಾನು ಅದನ್ನು ನೋಡಿಕೊಂಡಿರಬೇಕಾಯಿತು.

ಮಾವ ಪೆರ್ಲದ ಕಡೆಯ ಅಡಿಕೆ ಕೃಷಿಕರು. 1968ರಲ್ಲಿ ಅದನ್ನು ಕೊಂಡದ್ದು. 250 ಸಿಸಿ, ಕೆಂಪು ಬಣ್ಣ, ಎರಡು ಸೈಲೆನ್ಸರು. ವಿಟ್ಲಕ್ಕೆ, ಪುತ್ತೂರಿಗೆ ಅದರಲ್ಲೇ ಹೋಗುತ್ತಿದ್ದರು. ಗುಡ್ಡದಾಚೆ ಅದರ ಸದ್ದು ಕೇಳಿದರೆ ಅತ್ತೆ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು. ಕಾಫಿ ಕುದಿಯುವುದಕ್ಕೂ ಮಾವ ಅಂಗಳಕ್ಕೆ ಬರುವುದಕ್ಕೂ ಸರಿಹೋಗುತ್ತಿತ್ತು.

ಜಾವಾದ ಕಥೆ ಬಲ್ಲವರು ಬಲ್ಲರು, ತಿಳಿಯದವರಿಗಾಗಿ ನಾಲ್ಕು ಮಾತು. ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡರು. ಯಾನೆಚೆಕ್ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಹೆಸರಿನ ಮೊದಲೆರಡು ಅಕ್ಷರ ಕೂಡಿ ಜಾವಾ ಆಯಿತು. ಮುಂಬಯಿಯಲ್ಲಿ ಈ ಬೈಕುಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದವರು, ಆಮದಿನ ಬಾಗಿಲು ಮುಚ್ಚಿದಾಗ, ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದು ಉತ್ಪಾದನೆಗೆ ತೊಡಗಿತು. 1973ರಿಂದ ಅಲ್ಲಿಯ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದು ಎನ್ನುವವರಿದ್ದಾರೆ; ಚೆಕ್ ಭಾಷೆಯಲ್ಲಿ ಓಡಿಸು ಎಂಬರ್ಥದ ಮಾತು ಎನ್ನುವವರೂ ಇದ್ದಾರೆ. 1996ರಲ್ಲಿ ಕಾರ್ಖಾನೆ ನಿಂತಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಬೇರೊಂದು ಕಂಪೆನಿಯ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಅವು ನಾಲ್ಕು ಸ್ಟ್ರೋಕಿನ ಹೊಸ ಯಂತ್ರಗಳು. ಮೈಸೂರಿನವು ಎರಡು ಸ್ಟ್ರೋಕಿನವು.

ಮಾವ ತೀರಿಕೊಂಡ ಮೇಲೆ ಜಾವಾ ನನ್ನ ಪಾಲಿಗೆ ಬಂತು. 2011ರಲ್ಲಿ, ಊರ ಜಾತ್ರೆಗೆ ಮೊದಲು ಅದನ್ನು ಓಡಿಸಿ ತೋರಿಸಬೇಕೆಂಬ ಉಮೇದಿನಲ್ಲಿ, ಆರೇ ವಾರದಲ್ಲಿ ಜೀರ್ಣೋದ್ಧಾರ ಮಾಡಿದೆ. ಟಾಂಕಿಗೆ ಬಣ್ಣ, ಹ್ಯಾಂಡಲಿಗೆ ಕ್ರೋಮು, ಹೊಸ ಸೀಟು. ಕಂಡವರೆಲ್ಲ ಹೊಗಳಿದರು, ಕೆಲವರು ಫೋಟೋ ತೆಗೆಸಿಕೊಂಡರು. ಆದರೆ ಇಂಜಿನನ್ನು ನಾನು ಬಿಚ್ಚಲೇ ಇಲ್ಲ. ಮೇಲಿಂದ ತೊಳೆದು ಬೆಳ್ಳಿಬಣ್ಣ ಬಳಿದದ್ದಷ್ಟೇ.

ಜಾತ್ರೆ ಮುಗಿದ ಎರಡೇ ತಿಂಗಳಲ್ಲಿ ಅದು ವಿಪರೀತ ಹೊಗೆ ಉಗುಳತೊಡಗಿತು. ಗೇರಿನ ಎಣ್ಣೆ ಕಡಿಮೆಯಾಗುತ್ತಿತ್ತು, ನಾನು ಮತ್ತೆ ಮತ್ತೆ ಹೊಯ್ಯುತ್ತಿದ್ದೆ. ಕೇಳಿದವರಿಗೆ "ಎರಡು ಸ್ಟ್ರೋಕಿನದ್ದಲ್ವಾ, ಹೊಗೆ ಉಂಟೇ ಉಂಟು" ಎಂದು ಸಮಾಧಾನ ಹೇಳುತ್ತಿದ್ದೆ. ಕೊನೆಗೊಂದು ದಿನ ಏರಿನಲ್ಲಿ ಪಿಸ್ಟನ್ನು ಕಚ್ಚಿಕೊಂಡು, ಹಿಂದಿನ ಚಕ್ರ ಒಮ್ಮೆಲೇ ನಿಂತಿತು. ಆ ದಿನ ಬೀಳಲಿಲ್ಲವೆಂಬುದು ಅದೃಷ್ಟ. ಬೈಕನ್ನು ಪಿಕಪ್ಪಿನಲ್ಲಿ ತಂದು ಮೂಲೆಗೆ ನಿಲ್ಲಿಸಿ ಗೋಣಿ ಹೊದೆಸಿದವನು ಮತ್ತೆ ತಿರುಗಿ ನೋಡಲಿಲ್ಲ. ಸ್ಪ್ಯಾನರು ಹಿಡಿಯುವ ಹವ್ಯಾಸ ನಿಂತದ್ದು ಹಾಗೆ. ಬೇಸರದಿಂದ ಎನ್ನುತ್ತಿದ್ದೆ. ನಿಜವಾಗಿ ಅದು ನಾಚಿಕೆ.

ಕುಳಿತೇ ಮಾಡುವ ಕೆಲಸ

ಆರು ವಾರ ಕಳೆದು ಊರುಗೋಲಿನಲ್ಲಿ ಏಳುವಂತಾದಾಗ ನಾನು ಮೊದಲು ಮಾಡಿದ್ದು ಆ ಗೋಣಿ ಸರಿಸಿದ್ದು. ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರನ್ನು ಎಲ್ಲರೂ ಉಸ್ತಾದ್ ಎನ್ನುವುದು. ವಯಸ್ಸು ಎಪ್ಪತ್ತರ ಹತ್ತಿರ. ಮಾವನ ಕಾಲದಲ್ಲೇ ಈ ಜಾವಾಕ್ಕೆ ಕೈ ಹಾಕಿದವರು. ಫೋನು ಮಾಡಿದೆ. ಭಾನುವಾರ ಬಂದರು, ಬೈಕನ್ನು ನೋಡಿದರು, ನನ್ನ ಕಾಲನ್ನು ನೋಡಿದರು. "ಪದುಕ್ಕೆ ಮದಿ, ಮಾಷೆ" ಎಂದರು. ನಿಧಾನಕ್ಕೆ ಸಾಕು ಎಂದರ್ಥ. ಬೈಕಿಗೆ ಹೇಳಿದರೋ ಕಾಲಿಗೆ ಹೇಳಿದರೋ ತಿಳಿಯಲಿಲ್ಲ.

ನಿಯಮ ಅವರೇ ಮಾಡಿದರು. ಕುಳಿತು ಮಾಡಬಹುದಾದದ್ದು ನನಗೆ, ನಿಂತು ಮಾಡುವುದು ಅವರಿಗೆ. ಭಾರ ಎತ್ತುವ ಕೆಲಸಕ್ಕೆ ಕಾಲೇಜಿಗೆ ಹೋಗುವ ನನ್ನ ಮಗಳು.

ಹೀಗೆ ಮೊದಲು ಬಂದದ್ದು ಕಾರ್ಬುರೇಟರು. ಹತ್ತು ವರ್ಷದ ಹಿಂದಿನ ಪೆಟ್ರೋಲು ಒಣಗಿ ಅಂಟಾಗಿ ಜೆಟ್ಟಿನ ತೂತುಗಳನ್ನು ಮುಚ್ಚಿತ್ತು. ತಂತಿ ಚುಚ್ಚಿ ಬಿಡಿಸುವುದು ಸುಲಭ. ಹಿಂದೆ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಜೆಟ್ಟು ಹಿತ್ತಾಳೆಯದ್ದು. ತಂತಿ ತಾಗಿದರೆ ತೂತು ಕೂದಲೆಳೆಯಷ್ಟು ದೊಡ್ಡದಾಗಿ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ. ನೆನೆಹಾಕಿ, ಊದಿ, ಮತ್ತೆ ನೆನೆಹಾಕಿ, ನಾಲ್ಕು ದಿನದಲ್ಲಿ ಆಚೆಯ ಬೆಳಕು ಕಂಡಿತು. ಬಳಿಕ ಕಿಡಿ ಹಾರಿಸುವ ಪಾಯಿಂಟುಗಳು. ಅವುಗಳ ಮುಖ ಉಜ್ಜಿ, ನಡುವಿನ ಸಂದು 0.4 ಮಿಲಿಮೀಟರ್ ಇರುವಂತೆ ಹೊಂದಿಸಿದೆ. ಆಮೇಲೆ ಚಕ್ರಗಳು. ತುಕ್ಕು ಹಿಡಿದ ಕಡ್ಡಿಗಳನ್ನು ತೆಗೆದು ಹೊಸತು ಪೋಣಿಸಿ, ಚಕ್ರ ಓರೆಯಿಲ್ಲದೆ ತಿರುಗುವವರೆಗೆ ಒಂದೊಂದನ್ನೇ ಕಾಲು ಸುತ್ತು ಬಿಗಿಸುವುದು, ಸಡಿಲಿಸುವುದು. ಸರಿಯಾಗಿ ಬಿಗಿದ ಕಡ್ಡಿಯನ್ನು ಸ್ಪ್ಯಾನರಿನಿಂದ ತಟ್ಟಿದರೆ ಟಿಣ್ಣೆನ್ನುತ್ತದೆ. ಸಡಿಲವಾದದ್ದು ಒಡೆದ ಮಡಕೆಯಂತೆ ಸದ್ದು ಮಾಡುತ್ತದೆ.

ಬೆಳಿಗ್ಗೆ ವ್ಯಾಯಾಮ, ಮಧ್ಯಾಹ್ನದ ನಂತರ ಚಕ್ರ. ವ್ಯಾಯಾಮವೆಂದರೆ ಮಂಚದ ಮೇಲೆ ಹಿಮ್ಮಡಿ ಜಾರಿಸಿ ಮೊಣಕಾಲು ಮಡಚುವುದು, ತೊಡೆಯ ಸ್ನಾಯು ಬಿಗಿದು ಹಿಡಿಯುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಆರು ವಾರ ಸುಮ್ಮನಿದ್ದ ಎಡತೊಡೆ ಬಲತೊಡೆಯ ಮುಂದೆ ಹುಡುಗನ ತೊಡೆಯಂತಾಗಿತ್ತು. ಭಾರ ಹಾಕುವುದಕ್ಕೂ ಅಳತೆಯಿತ್ತು. ತೂಕದ ಯಂತ್ರದ ಮೇಲೆ ಎಡಗಾಲಿಟ್ಟು, ಮುಳ್ಳು 10 ಕಿಲೋಗೆ ಬರುವಷ್ಟೇ ಒತ್ತಬೇಕು. ಆ ಒತ್ತಡವನ್ನು ಕಾಲು ನೆನಪಿಟ್ಟುಕೊಳ್ಳಬೇಕು. ಮುಂದಿನ ಎಕ್ಸ್‌ರೇ ನೋಡಿ 20 ಕಿಲೋ. ಉಸ್ತಾದರು ಭಾನುವಾರ ಬಂದವರು ಮೊದಲು ಕೇಳುತ್ತಿದ್ದದ್ದು, "ಎಷ್ಟು ಕಿಲೋ ಆಯ್ತು, ಮಾಷೆ?"

ಇಂಜಿನಿನ ಹೊಟ್ಟೆ ಬಗೆದಾಗ

ಇಂಜಿನನ್ನು ಈ ಸಲ ಎರಡು ಹೋಳು ಮಾಡಿಯೇ ನೋಡಬೇಕೆಂದು ಉಸ್ತಾದರು ಹಟ ಹಿಡಿದರು. ಬಿಚ್ಚಿದಾಗ ನನ್ನ 2011ರ ಪಾಪವೆಲ್ಲ ಹೊರಬಂತು.

ಎರಡು ಸ್ಟ್ರೋಕಿನ ಇಂಜಿನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ನೇರ ಪಿಸ್ಟನ್ನಿನ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗಿನ ಕ್ರಾಂಕಿನ ಕೋಣೆಗೆ ಬರುತ್ತದೆ. ಪಿಸ್ಟನ್ನು ಇಳಿಯುವಾಗ ಅದನ್ನು ಒತ್ತಿ ಪಕ್ಕದ ದಾರಿಯಿಂದ ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಆ ಕೋಣೆಯಿಂದ ಗಾಳಿ ಸೋರಬಾರದು. ಕ್ರಾಂಕಿನ ಎರಡೂ ಬದಿಯಲ್ಲಿ ರಬ್ಬರಿನ ಎಣ್ಣೆ ಸೀಲುಗಳಿರುವುದು ಅದಕ್ಕೆ. ನನ್ನ ಜಾವಾದಲ್ಲಿ ಎರಡೂ ಸೀಲುಗಳು ಒಣಗಿ ಹಪ್ಪಳವಾಗಿದ್ದವು. ಎಡಗಡೆಯ ಸೀಲು ಹೋದದ್ದರಿಂದ ಕ್ಲಚ್ಚಿನ ಕಡೆಯ ಎಣ್ಣೆಯನ್ನು ಇಂಜಿನು ಹೀರಿಕೊಂಡು ಸುಡುತ್ತಿತ್ತು; ಆ ಹೊಗೆ ಅದರದ್ದು. ಬಲಗಡೆ, ಡೈನಮೋ ಇರುವ ಬದಿಯಲ್ಲಿ, ಸೀಲು ಹೋದದ್ದರಿಂದ ಬೇಡದ ಗಾಳಿ ಒಳಗೆ ಸೇರಿ ಮಿಶ್ರಣ ತೆಳ್ಳಗಾಗಿ ಇಂಜಿನು ಅತಿಯಾಗಿ ಕಾಯುತ್ತಿತ್ತು. ಪಿಸ್ಟನ್ನು ಕಚ್ಚಿದ್ದು ಅದರಿಂದ. ಎರಡು ಸಣ್ಣ ರಬ್ಬರಿನ ಬಳೆಗಳು. ಬೆಲೆ ನಾನು ಆಗ ಟಾಂಕಿಯ ಬಣ್ಣಕ್ಕೆ ಕೊಟ್ಟದ್ದರ ಒಂದು ಮೂಲೆಗೂ ಸಾಲದು.

"ಹೊಗೆ ಹೇಳ್ತಾ ಇತ್ತು, ಮಾಷೆ. ನೀವು ಕೇಳ್ಲಿಲ್ಲ" ಎಂದರು ಉಸ್ತಾದರು. ಬೋಳು ಟಯರು ಕೂಡ ಎರಡು ತಿಂಗಳು ಹೇಳಿತ್ತು.

ಸಿಲಿಂಡರನ್ನು ಮಂಗಳೂರಿನ ಲೇತಿನವರಲ್ಲಿಗೆ ಕಳಿಸಿದೆವು. ಮೂಲ ಅಳತೆ 65 ಮಿಲಿಮೀಟರ್. ಗೀರು ಹೋಗುವವರೆಗೆ ಕೊರೆದು 65.50ರ ಪಿಸ್ಟನ್ನಿಗೆ ಹೊಂದಿಸಿದರು. ಬೇರಿಂಗುಗಳು, ಸೀಲುಗಳು, ಗ್ಯಾಸ್ಕೆಟ್ಟುಗಳು ಹೊಸತು. ಸಾಮಾನಿಗಾಗಿ ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ಫೋನು ಮಾಡುವ ಕೆಲಸ ಮಗಳದ್ದು. ಆ ಎರಡು ಊರುಗಳಲ್ಲಿ ಈಗಲೂ ಪ್ರತಿ ಜುಲೈಯಲ್ಲಿ ಹಳೆಯ ಜಾವಾದವರು ಬೈಕು ತಂದು ಒಟ್ಟು ಸೇರುವುದುಂಟು. ಹಾಗಾಗಿ ಸಾಮಾನಿಗೆ ಅಷ್ಟೇನೂ ಬರಗಾಲವಿಲ್ಲ. ಆದರೆ ಒಂದೊಂದು ಪೊಟ್ಟಣ ಬರುವಾಗಲೂ ಹತ್ತು ದಿನ, ಹದಿನೈದು ದಿನ. ಕಾಲು ಗಟ್ಟಿಯಿದ್ದ ಕಾಲದಲ್ಲಾದರೆ ಆ ಹದಿನೈದು ದಿನ ಕಾಯದೆ ಹಳತನ್ನೇ ಹಾಕಿ ಬಿಗಿದುಬಿಡುತ್ತಿದ್ದೆ. ಈಗ ಎಲ್ಲಿಗೂ ಹೋಗುವಂತಿರಲಿಲ್ಲವಾದ್ದರಿಂದ ಕಾದೆ.

ಸಾಸಿವೆ ಡಬ್ಬಿಯ ಕೀಲಿ

ಹೀಗೆ ಬುದ್ಧಿ ಬಂತೆಂದು ನಾನೂ ನಂಬಿದ್ದೆ. ನವೆಂಬರಿನ ಒಂದು ಸಂಜೆ ಆ ನಂಬಿಕೆ ಮುರಿಯಿತು. ಇಂಜಿನನ್ನು ಹಿಂದಿನ ಭಾನುವಾರವಷ್ಟೇ ಚೌಕಟ್ಟಿಗೆ ಏರಿಸಿದ್ದೆವು. ಹೆಂಡತಿ ಭಜನೆಗೆ, ಮಗಳು ಪೇಟೆಗೆ ಹೋಗಿದ್ದರು. ಕಾಲಿಗೆ 40 ಕಿಲೋ ಭಾರ ಹಾಕಬಹುದೆಂದು ವೈದ್ಯರು ಹೇಳಿದ್ದರು; ನನ್ನ ತೂಕ 68. ಸುಮ್ಮನೆ ಒಂದು ಸಲ ಕಿಕ್ಕರು ಒತ್ತಿ ಕಂಪ್ರೆಷನ್ನು ಹೇಗಿದೆಯೆಂದು ನೋಡೋಣವೆನಿಸಿತು. ಊರುಗೋಲು ಗೋಡೆಗೆ ಒರಗಿಸಿ, ಪಕ್ಕದಲ್ಲಿ ನಿಂತು, ಗಟ್ಟಿಯಿದ್ದ ಬಲಗಾಲಿನಿಂದ ಒದೆದೆ. ಒದೆಯಲು ಬಲಗಾಲು ಎತ್ತಿದ ಕ್ಷಣದಲ್ಲಿ 68 ಕಿಲೋವೂ ಎಡಗಾಲಿನ ಮೇಲೆ. ನೋವಿಗೆ ಕಣ್ಣು ಕತ್ತಲಿಟ್ಟು ನೆಲಕ್ಕೆ ಬಿದ್ದೆ. ಅವರಿಬ್ಬರು ಮರಳುವವರೆಗೆ ಅರ್ಧ ಗಂಟೆ ಜಾವಾದ ಚಕ್ರ ಹಿಡಿದುಕೊಂಡು ಕುಳಿತಿದ್ದೆ.

ಪುನಃ ಮಂಗಳೂರು, ಪುನಃ ಎಕ್ಸ್‌ರೇ. ಸರಳು ಅಲುಗಿರಲಿಲ್ಲ. ಹೊಸದಾಗಿ ಬೆಳೆದ ಎಲುಬೂ ಉಳಿದಿತ್ತು. ಆದರೆ ವೈದ್ಯರು 40ರಿಂದ 20 ಕಿಲೋಗೆ ಇಳಿಸಿದರು, ಒಂದು ತಿಂಗಳ ಮಟ್ಟಿಗೆ.

ಹೆಂಡತಿ ದಾರಿಯಿಡೀ ಮಾತಾಡಲಿಲ್ಲ. ಮನೆಗೆ ಬಂದವಳು ನೇರ ಹೋಗಿ ಜಾವಾದ ಹೆಡ್‌ಲೈಟಿನಿಂದ ಕೀಲಿ ಕಿತ್ತು, ಅಡಿಗೆಮನೆಯ ಸಾಸಿವೆ ಡಬ್ಬಿಯಲ್ಲಿ ಹಾಕಿದಳು. ಆಮೇಲೆ ಹೇಳಿದಳು: "ನಿಮಗೆ ಕಾಲು ಮುರಿದದ್ದು ಮಾತ್ರ ಗೊತ್ತುಂಟು. ಆವತ್ತು ಫೋನು ತೆಗೆದದ್ದು ನಾನು. 'ನಿಮ್ಮ ಮಾಷ್ ಬಿದ್ದಿದ್ದಾರೆ' ಅಂತ ಹೇಳಿ ಫೋನು ಕಟ್ಟಾಯ್ತು. ಇದ್ದಾರಾ ಇಲ್ವಾ ಅಂತ ಗೊತ್ತಾಗ್ಲಿಕ್ಕೆ ಮುಕ್ಕಾಲು ಗಂಟೆ ಬೇಕಾಯ್ತು." ಐದು ತಿಂಗಳಲ್ಲಿ ಆ ಮುಕ್ಕಾಲು ಗಂಟೆಯ ಬಗ್ಗೆ ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಎಕ್ಸ್‌ರೇಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಭಾನುವಾರ ಉಸ್ತಾದರಿಗೆ ಸಂಗತಿ ತಿಳಿಯಿತು. ಹಳೆಯ ಜಾವಾದ ಕೀಲಿಯೆಂದರೆ ಮೊಳೆಯಂಥ ಒಂದು ತುಂಡು. ಒಂದರದ್ದು ಇನ್ನೊಂದಕ್ಕೂ ಆಗುತ್ತದೆ. ಅವರ ಗ್ಯಾರೇಜಿನ ಡ್ರಾಯರಿನಲ್ಲೇ ಅಂಥವು ನಾಲ್ಕು ಇದ್ದವು. ನಾನು ಕಣ್ಸನ್ನೆ ಮಾಡಿದೆ. ಅವರು ತಲೆಯಾಡಿಸಿದರು. "ನನ್ನ ಹತ್ರ ಉಂಟು. ಆದ್ರೆ ಇದು ಅಕ್ಕ ಕೊಟ್ಟ ಕೀಲಿಯಲ್ಲೇ ಸ್ಟಾರ್ಟ್ ಆಗ್ಬೇಕು." ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು.

ಮೂರನೆಯ ಒದೆತ

ಕೀಲಿ ಹೊರಗೆ ಬಂದದ್ದು 2024ರ ಜನವರಿಯಲ್ಲಿ. ಹೆಂಡತಿ ಅದನ್ನು ಉಸ್ತಾದರ ಕೈಗೇ ಕೊಟ್ಟಳು, ನನ್ನ ಕೈಗಲ್ಲ. ಲೀಟರಿಗೆ 50 ಮಿಲಿಲೀಟರಿನಂತೆ ಎಣ್ಣೆ ಬೆರೆಸಿದ ಪೆಟ್ರೋಲು ತುಂಬಿದೆವು. ಹೊಸ ಪಿಸ್ಟನ್ನು ಪಳಗಿದ ಮೇಲೆ 40 ಸಾಕೆಂದು ಉಸ್ತಾದರ ಲೆಕ್ಕ. ನಾನು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದೆ. ಒದೆಯುವವರು ಯಾರು? ಉಸ್ತಾದರ ಮೊಣಕಾಲು ಅವರದ್ದೇ ಕಾರಣಗಳಿಂದ ಕೆಟ್ಟಿತ್ತು.

"ನಾನು ಒದೀತೇನೆ ಅಪ್ಪಾ" ಎಂದಳು ಮಗಳು.

ಮೊದಲ ಒದೆತಕ್ಕೆ ಸಣ್ಣ ಕೆಮ್ಮು. ಎರಡನೆಯದಕ್ಕೆ ಅದೂ ಇಲ್ಲ. ಮೂರನೆಯದಕ್ಕೆ ಹಿಡಿಯಿತು. ಜೋಡಿಸುವಾಗ ಸವರಿದ ಎಣ್ಣೆ ಸುಟ್ಟು ಚಾವಡಿಯಿಡೀ ನೀಲಿ ಹೊಗೆ ತುಂಬಿತು. ನನ್ನ ಎದೆ ಧಸಕ್ಕೆಂದಿತು. ಉಸ್ತಾದರು ಕೈಯೆತ್ತಿ ತಡೆಯಿರಿ ಎಂದರು. ಎರಡು ನಿಮಿಷದಲ್ಲಿ ಹೊಗೆ ತೆಳ್ಳಗಾಯಿತು, ಐದು ನಿಮಿಷದಲ್ಲಿ ಸೈಲೆನ್ಸರಿನ ಬಾಯಲ್ಲಿ ಬೆಳ್ಳಗಿನ ಎಳೆಯೊಂದು ಮಾತ್ರ. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. "ಮಾವನ ಬೈಕಿನ ಸದ್ದೇ" ಎಂದಳಷ್ಟೆ. ಒಳಗೆ ಹೋಗಿ ಕಾಫಿಗೆ ನೀರಿಟ್ಟದ್ದು ಕೇಳಿಸಿತು.

ಆ ದಿನ ನಾನು ಓಡಿಸಲಿಲ್ಲ. ಕಾಗದಪತ್ರಗಳು ಸರಿಯಾಗುವವರೆಗೆ ಉಸ್ತಾದರು ತೋಟದ ದಾರಿಯಲ್ಲೇ ಅದನ್ನು ಅತ್ತಿತ್ತ ಓಡಿಸಿದರು. ಹೊಸ ಪಿಸ್ಟನ್ನು ಹಾಕಿದ ಇಂಜಿನನ್ನು ಮೊದಲ ನೂರಾರು ಕಿಲೋಮೀಟರು ಮೆಲ್ಲಗೆ, ಭಾರ ಕೊಡದೆ, ನಡುನಡುವೆ ತಣಿಸುತ್ತಾ ಓಡಿಸಬೇಕು. ನನ್ನ ಫಿಸಿಯೋಥೆರಪಿಯವರು ನನಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ.

ಕಾಗದದ ಬಗ್ಗೆ ಒಂದು ಮಾತು. ವಾಹನದ ನೋಂದಣಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಬೇಕು. 50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯೂ ಇದೆ. ಆದರೆ ಅಂಥವನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಹಾಕಿಸುವುದು, ದುರಸ್ತಿ ಇಂಥ ಕೆಲಸಕ್ಕಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಹಾಲಿನ ಸೊಸೈಟಿಗೆ ಹೋಗುವ ಆಸೆ ನನ್ನದು. ಹಾಗಾಗಿ ನಾನು ಸಾಮಾನ್ಯ ನವೀಕರಣವನ್ನೇ ಮಾಡಿಸಿದೆ.

ಗೇಟಿನವರೆಗೆ, ಗೇಟಿನಿಂದ

ಏಪ್ರಿಲ್ ತಿಂಗಳಲ್ಲಿ ವೈದ್ಯರು ಊರುಗೋಲು ಬಿಡಿಸಿದರು. ಒಂಟಿ ಕಾಲಿನಲ್ಲಿ, ಎಡಗಾಲಿನಲ್ಲಿ, ಹತ್ತು ಎಣಿಸುವವರೆಗೆ ನಿಲ್ಲಲು ಹೇಳಿದರು. ನಿಂತೆ. "ಬೈಕು?" ಎಂದೆ. "ಕಾಲು ತಯಾರಿದೆ. ಮನೆಯವರನ್ನು ಕೇಳಿ" ಎಂದರು.

ಮರುದಿನ ಬೆಳಿಗ್ಗೆ ಕಾಫಿ ಲೋಟದ ಪಕ್ಕದಲ್ಲಿ ಕೀಲಿ ಇತ್ತು. ಸಾಸಿವೆಯ ಹುಡಿ ಇನ್ನೂ ಅಂಟಿಕೊಂಡಿತ್ತು. ನಾನು ತೆಗೆದುಕೊಳ್ಳುವ ಮೊದಲು ಹೆಂಡತಿ ಕೇಳಿದಳು, "ಟಯರು ನೋಡಿದ್ದೀರಾ?"

ಇಬ್ಬರೂ ಹೋಗಿ ನೋಡಿದೆವು. ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗೆರೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟಯರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಬದಲಿಸಬೇಕೆಂದು ಅರ್ಥ. ಇಷ್ಟನ್ನು ಅವಳಿಗೆ ತೋರಿಸಿಕೊಟ್ಟೆ. ಅವಳು ಎರಡೂ ಬೈಕುಗಳ ಅಂಕೆಗಳನ್ನು ಚಾವಡಿಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಳು. ಈಗಲೂ ಹಾಲಿನವರ ಲೆಕ್ಕದ ಪಕ್ಕದಲ್ಲಿ ಅದು ಇದೆ. ಮೇ ತಿಂಗಳ ಕೊನೆಯಲ್ಲಿ, ಮಳೆಗೆ ಮೊದಲು, ಅವಳೇ ಟಯರು ನೋಡುತ್ತಾಳೆ.

ಆ ದಿನ ನಾನು ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಸೀಟಿನ ಮೇಲೆ ಕುಳಿತು, ಎಡಗಾಲಿನಿಂದಲೇ ಒದೆದೆ. ನಾಲ್ಕು ಸಲ ಬೇಕಾಯಿತು. ಮಗಳಿಗಿಂತ ಒಂದು ಹೆಚ್ಚು. ಹಾಲಿನ ಸೊಸೈಟಿಗೆ ಹೋಗಿ ಬರಲು ಎರಡು ಕಿಲೋಮೀಟರು. ಗಂಟೆಗೆ 30ಕ್ಕಿಂತ ಮೇಲೆ ಮುಳ್ಳು ಏರಲಿಲ್ಲ. ಸೈಕಲ್ಲಿನ ಹುಡುಗನೊಬ್ಬ ಇಳಿಜಾರಿನಲ್ಲಿ ನನ್ನನ್ನು ದಾಟಿ ಹೋದ, ತಿರುಗಿ ನೋಡಿ ನಕ್ಕ.

ಮರಳಿ ಬರುವಾಗ ದೂರದಿಂದಲೇ ಕಂಡಿತು: ಹೆಂಡತಿ ಗೇಟಿನಲ್ಲಿ ನಿಂತಿದ್ದಳು. ಹೋಗುವಾಗ ಎಲ್ಲಿದ್ದಳೋ ಅಲ್ಲೇ, ಕೈಯಲ್ಲಿ ಅದೇ ಪೊರಕೆ. ಆ ಇಪ್ಪತ್ತು ನಿಮಿಷ ಅಂಗಳ ಗುಡಿಸಿರಲಿಲ್ಲ. ನಾನು ಬೈಕು ನಿಲ್ಲಿಸಿ, ಕೀಲಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಗುಡಿಸತೊಡಗಿದಳು.